ಕುಂಡದ ಗಿಡಗಳಲ್ಲಿ ಲವಣ ಶೇಖರಣೆ: ತೊಳೆಯುವ ಮತ್ತು ಉಣಿಸುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)



ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಗೊಂಡ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಅವುಗಳಲ್ಲಿ ಸಾಮಾಜಿಕ ಅರಣ್ಯ 6ನೆಯದು, ಕುಡಿಯುವ ನೀರು 11ನೆಯದು. ಇವೆರಡನ್ನೂ ನಾವು ಬೇರೆ ಬೇರೆ ಕಡತಗಳಲ್ಲಿ ನಿರ್ವಹಿಸುತ್ತೇವೆ. ಆದರೆ ಪಂಚಾಯಿತಿ ಕಚೇರಿಯ ಮುಂದಿನ ಕುಂಡದಲ್ಲಿ, ಶಾಲೆಯ ಅಂಗಳದ ಸಸಿ ಚೀಲದಲ್ಲಿ, ಅಂಗನವಾಡಿಯ ಪೌಷ್ಟಿಕ ಕೈತೋಟದಲ್ಲಿ ಇವೆರಡೂ ಒಂದಾಗುತ್ತವೆ. ಊರಿನ ನೀರಿನಲ್ಲಿ ಏನಿದೆಯೋ ಅದು ಕುಂಡದ ಮಣ್ಣಿನಲ್ಲಿ ಉಳಿಯುತ್ತದೆ. ಹೊಲದಲ್ಲಿ ಅದು ಕಣ್ಣಿಗೆ ಬೀಳಲು ವರ್ಷಗಳು ಬೇಕು; ಕುಂಡದಲ್ಲಿ ಎರಡು ಮೂರು ತಿಂಗಳು ಸಾಕು.

ಈ ಲೇಖನವನ್ನು ಓದಿದ ಬಳಿಕ ಸದಸ್ಯರು ಮೂರು ವಿಷಯಗಳಲ್ಲಿ ಸ್ವತಃ ತೀರ್ಮಾನ ಕೈಗೊಳ್ಳಲು ಶಕ್ತರಾಗಬೇಕೆಂಬುದು ಉದ್ದೇಶ: ಗಿಡ ಬಾಡಿದಾಗ ಅದು ಬಾಯಾರಿಕೆಯೋ ಲವಣದ ಬಾಧೆಯೋ ಎಂದು ಗುರುತಿಸುವುದು, ಕುಂಡವನ್ನು ಕ್ರಮಬದ್ಧವಾಗಿ ತೊಳೆಸುವುದು, ತೊಳೆದ ಬಳಿಕ ಗಿಡಕ್ಕೆ ಹಿತಮಿತವಾಗಿ ಪೋಷಕಾಂಶ ನೀಡುವುದು.

1. ಒಂದು ಅನುಭವ

ವಿಷಯಕ್ಕೆ ಪ್ರವೇಶಿಸುವ ಮುನ್ನ ನನ್ನದೇ ಒಂದು ತಪ್ಪನ್ನು ನಿವೇದಿಸುವುದು ಉಚಿತ. ನಾನು ಹಿಂದೆ ಕಾರ್ಯನಿರ್ವಹಿಸುತ್ತಿದ್ದ ಗ್ರಾಮ ಪಂಚಾಯಿತಿಯ ಕಚೇರಿ ಆವರಣದಲ್ಲಿ 40 ಸಿಮೆಂಟ್ ಕುಂಡಗಳಿದ್ದವು. ನುಗ್ಗೆ, ನಿಂಬೆ, ಕರಿಬೇವು, ದಾಸವಾಳ, ಗುಲಾಬಿ ಇತ್ಯಾದಿ ಗಿಡಗಳು. ಬೇಸಿಗೆಯಲ್ಲಿ ಕೊಳವೆಬಾವಿಯ ನೀರಿಗೆ ತೊಂದರೆಯಾದಾಗ, ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಗಳಿಗೆ ಹಾಕಿಸುವ ವ್ಯವಸ್ಥೆಯನ್ನು ನಾನೇ ಮಾಡಿದೆನು. ಸಾಮಾನ್ಯ ಸಭೆಯಲ್ಲಿ ಎಲ್ಲರೂ ಮೆಚ್ಚಿದರು.

ಎರಡು ತಿಂಗಳಾಗುವಷ್ಟರಲ್ಲಿ ಎಲೆಗಳ ತುದಿ ಸುಟ್ಟಂತಾಗಿ ಗಿಡಗಳು ಬಾಡತೊಡಗಿದವು. ನೀರು ಸಾಲದೆಂದು ಭಾವಿಸಿ ನೀರುಗಂಟಿಗೆ ಕಾರಣ ಕೇಳಿ ಜ್ಞಾಪನ ನೀಡಿದೆನು. ಆತನು ತಾನು ಪ್ರತಿದಿನವೂ ತಪ್ಪದೆ ನೀರು ಹಾಕಿರುವುದಾಗಿ ಉತ್ತರಿಸಿದನು. ನಾನು ಅದನ್ನು ನಂಬಲಿಲ್ಲ. ಗಿಡಗಳಿಗೆ ಶಕ್ತಿ ಬರಲೆಂದು ಪ್ರತಿ ಕುಂಡಕ್ಕೆ ಒಂದು ಹಿಡಿ ಸಂಯುಕ್ತ ಗೊಬ್ಬರವನ್ನೂ ಹಾಕಿಸಿದೆನು. ವಾರದೊಳಗೆ ನಿಂಬೆ ಗಿಡಗಳು ಎಲೆ ಉದುರಿಸಿದವು.

ಮನೆಯಲ್ಲಿ ಹೂವಿನ ಕೃಷಿ ಮಾಡುತ್ತಿದ್ದ ಮಹಿಳಾ ಸದಸ್ಯರೊಬ್ಬರು ಸಭೆಗೆ ಬಂದಾಗ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿ, "ಮಣ್ಣು ಒದ್ದೆಯಾಗಿದೆ, ಗಿಡ ಒಣಗಿದೆ. ಇದು ನೀರಿನ ಕೊರತೆಯಲ್ಲ, ನೀರಿನದೇ ದೋಷ" ಎಂದರು. ಘಟಕದ ನಿರ್ವಾಹಕನ ಬಳಿಯಿದ್ದ ಟಿಡಿಎಸ್ ಮೀಟರನ್ನು ತರಿಸಿ ಕುಂಡದ ತಳದಿಂದ ಬಸಿದ ನೀರಿನಲ್ಲಿ ಅದ್ದಿದಾಗ ಅದು 6,000ವನ್ನು ದಾಟಿತು. ಅಂದೇ ಜ್ಞಾಪನವನ್ನು ಹಿಂಪಡೆದು, ಹಿಂಪಡೆದ ಕಾರಣವನ್ನೂ ಕಡತದಲ್ಲಿ ದಾಖಲಿಸಿದೆನು. ಎಂಜಿನಿಯರಿಂಗ್ ಪದವೀಧರನಾದ ನಾನು ಮಾಡಬೇಕಾಗಿದ್ದ ಐದು ನಿಮಿಷದ ಲೆಕ್ಕವನ್ನು ಮಾಡದೆ, ಕೆಳಹಂತದ ಒಬ್ಬ ನೌಕರನ ಪ್ರಾಮಾಣಿಕತೆಯನ್ನು ಶಂಕಿಸಿದ್ದೆನು. ಆ ಲೆಕ್ಕವೇ ಈ ಪಾಠದ ತಿರುಳು.

2. ಲವಣ ಎಲ್ಲಿಂದ ಬರುತ್ತದೆ?

ಬಯಲುಸೀಮೆಯ ಗ್ರಾನೈಟ್ ಹಾಗೂ ನೈಸ್ ಶಿಲೆಗಳ ಬಿರುಕುಗಳಲ್ಲಿ ನಿಂತ ಅಂತರ್ಜಲದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್ ಮುಂತಾದವು ಕರಗಿರುತ್ತವೆ. ಇವೆಲ್ಲವುಗಳ ಒಟ್ಟು ತೂಕವನ್ನೇ ಟಿಡಿಎಸ್ ಎನ್ನುತ್ತೇವೆ. ಇದನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯಲಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500:2012ರ ಪ್ರಕಾರ ಟಿಡಿಎಸ್‌ನ ಸ್ವೀಕಾರಾರ್ಹ ಮಿತಿ 500 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಲ್ಲಿ 2,000 ಮಿಲಿಗ್ರಾಂವರೆಗೆ ಅವಕಾಶವಿದೆ.

ನೀರಾವರಿಗೆ ಪ್ರತ್ಯೇಕ ಮಾರ್ಗಸೂಚಿ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ 450 ಮಿಲಿಗ್ರಾಂಗಿಂತ ಕಡಿಮೆ ಇರುವ ನೀರಿಗೆ ನಿರ್ಬಂಧವಿಲ್ಲ. 450ರಿಂದ 2,000ದವರೆಗಿನ ನೀರನ್ನು ಅಲ್ಪದಿಂದ ಮಧ್ಯಮ ನಿರ್ಬಂಧದೊಂದಿಗೆ ಬಳಸಬೇಕು. 2,000ಕ್ಕೂ ಮೀರಿದ ನೀರಿಗೆ ತೀವ್ರ ನಿರ್ಬಂಧವಿದೆ.

ಲವಣದ ಎರಡನೆಯ ಮೂಲ ಗೊಬ್ಬರ. ರಾಸಾಯನಿಕ ಗೊಬ್ಬರಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕರಗುವ ಲವಣಗಳೇ ಆಗಿವೆ. ಯೂರಿಯಾ ಕೂಡ ಮಣ್ಣಿನಲ್ಲಿ ಅಮೋನಿಯಂ ಹಾಗೂ ನೈಟ್ರೇಟ್ ಆಗಿ ಮಾರ್ಪಟ್ಟು ಅದೇ ಗುಂಪಿಗೆ ಸೇರುತ್ತದೆ. ಗಿಡ ಹೀರುವುದಕ್ಕಿಂತ ಹೆಚ್ಚು ಹಾಕಿದ್ದು ಮಣ್ಣಿನಲ್ಲಿಯೇ ಉಳಿಯುತ್ತದೆ. ಪೊಟ್ಯಾಷ್ ಗೊಬ್ಬರಗಳಲ್ಲಿ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನ ಲವಣ ಸೂಚ್ಯಂಕವು ಸಲ್ಫೇಟ್ ಆಫ್ ಪೊಟ್ಯಾಷ್‌ನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಕುಂಡಗಳಿಗೆ ಮೊದಲನೆಯದು ಹೊಂದುವುದಿಲ್ಲ.

ಮೂರನೆಯ ಮೂಲ ನಮ್ಮ ಸದುದ್ದೇಶದ ಅಭ್ಯಾಸಗಳು: ಒಲೆಯ ಬೂದಿಯನ್ನು ಕುಂಡಕ್ಕೆ ಸುರಿಯುವುದು, ಪಾತ್ರೆ ತೊಳೆದ ಸಾಬೂನಿನ ನೀರು ಹಾಕುವುದು, ಗಂಜಲವನ್ನು ನೀರು ಬೆರೆಸದೆ ಹಾಕುವುದು. ಬೂದಿಯು ಮಣ್ಣಿನ ಕ್ಷಾರತೆಯನ್ನು ಏರಿಸುತ್ತದೆ. ಸಾಬೂನಿನ ನೀರು ಸೋಡಿಯಂ ತರುತ್ತದೆ.

3. ಐದು ನಿಮಿಷದ ಲೆಕ್ಕ

ಮೊದಲು ಶುದ್ಧ ನೀರಿನ ಘಟಕದ ಲೆಕ್ಕ. ಉದಾಹರಣೆಗೆ ಕೊಳವೆಬಾವಿಯ ನೀರಿನ ಟಿಡಿಎಸ್ 1,200 ಎಂದಿರಲಿ. ಘಟಕಕ್ಕೆ 1,000 ಲೀಟರ್ ಹೋದರೆ ಅದರೊಂದಿಗೆ 1,200 ಗ್ರಾಂ ಲವಣ ಹೋಗುತ್ತದೆ. ಅರ್ಧದಷ್ಟು, ಅಂದರೆ 500 ಲೀಟರ್, 100 ಟಿಡಿಎಸ್‌ನ ಶುದ್ಧ ನೀರಾಗಿ ಹೊರಬಂದರೆ ಅದರಲ್ಲಿ 50 ಗ್ರಾಂ ಮಾತ್ರ ಇರುತ್ತದೆ. ಉಳಿದ 1,150 ಗ್ರಾಂ ಲವಣ ಉಳಿದ 500 ಲೀಟರ್ ತ್ಯಾಜ್ಯ ನೀರಿನಲ್ಲಿರುತ್ತದೆ. ಅಂದರೆ ತ್ಯಾಜ್ಯ ನೀರಿನ ಟಿಡಿಎಸ್ 2,300. ಘಟಕವು ಲವಣವನ್ನು ನಾಶಗೊಳಿಸುವುದಿಲ್ಲ; ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆಗೆ ಸೇರಿಸುತ್ತದೆ. ಮೂಲ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಇದ್ದಲ್ಲಿ ಅವೂ ಇದೇ ರೀತಿ ಸಾಂದ್ರವಾಗುತ್ತವೆ.

ಈಗ ಕುಂಡದ ಲೆಕ್ಕ. ಬಾಯಿ 30 ಸೆಂಟಿಮೀಟರ್, ತಳ 20 ಸೆಂಟಿಮೀಟರ್, ಎತ್ತರ 28 ಸೆಂಟಿಮೀಟರ್ ಇರುವ ಕುಂಡದ ಪೂರ್ಣ ಗಾತ್ರ ಸುಮಾರು 14 ಲೀಟರ್. ಮೇಲೆ ಎರಡು ಮೂರು ಬೆರಳು ಬಿಟ್ಟು ಮಣ್ಣು ತುಂಬಿದರೆ 12 ಲೀಟರ್ ಮಣ್ಣು ಹಿಡಿಯುತ್ತದೆ. ದಿನಕ್ಕೆ ಮುಕ್ಕಾಲು ಲೀಟರಿನಂತೆ ಮೇಲ್ಕಂಡ ತ್ಯಾಜ್ಯ ನೀರನ್ನು 60 ದಿನ ಹಾಕಿದರೆ ಒಟ್ಟು 45 ಲೀಟರ್. ಅದರಲ್ಲಿನ ಲವಣ 103 ಗ್ರಾಂಗೂ ಅಧಿಕ. ಬಿಸಿಲಿಗೆ ನೀರು ಆವಿಯಾಗುತ್ತದೆ, ಎಲೆಗಳ ಮೂಲಕವೂ ನೀರು ಹೊರಹೋಗುತ್ತದೆ; ಲವಣ ಆವಿಯಾಗುವುದಿಲ್ಲ. ಸ್ವಲ್ಪ ಭಾಗ ತಳದ ರಂಧ್ರದಿಂದ ಹೊರಹೋಗಬಹುದು, ಸ್ವಲ್ಪ ಸುಣ್ಣದ ರೂಪದಲ್ಲಿ ಗಟ್ಟಿಯಾಗಬಹುದು, ಅತ್ಯಲ್ಪ ಭಾಗವನ್ನು ಗಿಡ ಬಳಸಿಕೊಳ್ಳಬಹುದು. ಉಳಿದದ್ದು ಬೇರಿನ ಸುತ್ತಲೇ ಇರುತ್ತದೆ. ಸರಳವಾಗಿ ಹೇಳುವುದಾದರೆ, ನಾನು ಪ್ರತಿ ಕುಂಡಕ್ಕೂ ಎರಡು ತಿಂಗಳಲ್ಲಿ ಎರಡು ಹಿಡಿ ಉಪ್ಪು ಹಾಕಿಸಿ, ಅದರ ಮೇಲೆ ಒಂದು ಹಿಡಿ ಗೊಬ್ಬರವನ್ನೂ ಸೇರಿಸಿದ್ದೆನು.

4. ಒದ್ದೆ ಮಣ್ಣಿನಲ್ಲಿ ಗಿಡ ಏಕೆ ಬಾಡುತ್ತದೆ?

ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ತಳದಲ್ಲಿ ನೀರು ನಿಂತಿರುತ್ತದೆ. ಆ ನೀರು ಹೋಳಿನ ಒಳಗಿನಿಂದ ಬಂದದ್ದು. ಉಪ್ಪು ಯಾವ ಕಡೆ ಹೆಚ್ಚಿದೆಯೋ ನೀರು ಆ ಕಡೆಗೆ ಸೆಳೆಯಲ್ಪಡುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಬೇರಿನ ಒಳಗೆ ಲವಣಾಂಶ ಹೆಚ್ಚು, ಹೊರಗಿನ ಮಣ್ಣಿನ ನೀರಿನಲ್ಲಿ ಕಡಿಮೆ. ಆದ್ದರಿಂದ ನೀರು ಬೇರಿನೊಳಕ್ಕೆ ಹೋಗುತ್ತದೆ. ಮಣ್ಣಿನಲ್ಲಿ ಲವಣ ಹೆಚ್ಚಿದಂತೆ ಈ ಸೆಳೆತ ಕುಂದುತ್ತದೆ. ಮಣ್ಣು ಒದ್ದೆಯಾಗಿದ್ದರೂ ಗಿಡದ ಪಾಲಿಗೆ ಅದು ಬರಗಾಲವೇ. ಸಾಂದ್ರತೆ ಇನ್ನೂ ಏರಿದರೆ ಬೇರಿನ ತುದಿಗಳು ಕಂದಾಗಿ ಸಾಯುತ್ತವೆ.

ಇದರೊಂದಿಗೆ ಇನ್ನೆರಡು ತೊಂದರೆಗಳು ಸೇರುತ್ತವೆ. ಗಡಸು ನೀರಿನ ಬೈಕಾರ್ಬೊನೇಟ್ ಮಣ್ಣಿನ ಪಿಎಚ್ ಅನ್ನು ಏರಿಸುವುದರಿಂದ ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಗಿಡಕ್ಕೆ ದೊರೆಯುವುದಿಲ್ಲ. ಹೊಸ ಸಿಮೆಂಟ್ ಕುಂಡದಿಂದಲೂ ಸುಣ್ಣ ಬಿಡುಗಡೆಯಾಗಿ ಇದಕ್ಕೆ ನೆರವಾಗುತ್ತದೆ. ಎರಡನೆಯದಾಗಿ, ಸೋಡಿಯಂ ಹೆಚ್ಚಿದಲ್ಲಿ ಜೇಡಿಯ ಕಣಗಳು ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಮಣ್ಣು ಹೆಂಚಿನಂತೆ ಗಟ್ಟಿಯಾಗಿ ನೀರು ಮೇಲೆಯೇ ನಿಲ್ಲುತ್ತದೆ.

5. ಗುರುತಿಸುವ ಬಗೆ

ಗಿಡ ಬಾಡಿದೆ ಎಂಬ ಕಾರಣದಿಂದಲೇ ನೀರನ್ನಾಗಲಿ ಗೊಬ್ಬರವನ್ನಾಗಲಿ ಹೆಚ್ಚಿಸಬಾರದು. ಮೊದಲು ಈ ಕೆಳಗಿನಂತೆ ಪರಿಶೀಲಿಸತಕ್ಕದ್ದು.

ಬೆರಳು ಎರಡು ಗೆಣ್ಣಿನಷ್ಟು ಆಳಕ್ಕೆ ಹೋಗುವಂತೆ ಚುಚ್ಚಿ ನೋಡಿದಾಗ ಮಣ್ಣು ಒಣಗಿದ್ದರೆ ಅದು ಬಾಯಾರಿಕೆ. ನೀರು ಹಾಕಿದ ಕೆಲವು ಗಂಟೆಗಳಲ್ಲಿ ಗಿಡ ಚೇತರಿಸುತ್ತದೆ.

ಮಣ್ಣು ಒದ್ದೆಯಾಗಿದ್ದು, ಹಳೆಯ ಎಲೆಗಳ ತುದಿ ಮತ್ತು ಅಂಚು ಕಂದಾಗಿ ಸುಟ್ಟಂತಿದ್ದು, ಮಣ್ಣಿನ ಮೇಲೆ ಅಥವಾ ಕುಂಡದ ಹೊರಮೈಯಲ್ಲಿ ಬಿಳಿಯ ಪದರ ಕಂಡರೆ ಲವಣ ಶೇಖರಣೆ.

ಹಳೆಯ ಎಲೆಗಳು ಸುಡದೆ ಸಮನಾಗಿ ಹಳದಿಯಾಗಿದ್ದರೆ ಸಾರಜನಕದ ಕೊರತೆ. ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ.

ಮಣ್ಣು ಸದಾ ಕೆಸರಿನಂತಿದ್ದು ದುರ್ವಾಸನೆ ಬಂದರೆ ಬೇರು ಕೊಳೆತಿದೆ. ತಳದ ರಂಧ್ರ ಮುಚ್ಚಿದೆಯೇ ಎಂದು ನೋಡತಕ್ಕದ್ದು.

ಸಂದೇಹ ನಿವಾರಣೆಗೆ ಮೀಟರ್ ಪರೀಕ್ಷೆ ಇದೆ. ಕುಂಡಕ್ಕೆ ಎಂದಿನಂತೆ ನೀರು ಹಾಕಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಬಳಿಕ ಕುಂಡದ ಕೆಳಗೆ ತಟ್ಟೆ ಇರಿಸಿ, ಮೇಲಿನಿಂದ ಶುದ್ಧ ನೀರನ್ನು ನಿಧಾನವಾಗಿ ಸುರಿದು, ಕೆಳಗೆ ಅರ್ಧ ಲೋಟದಷ್ಟು ನೀರು ಸಂಗ್ರಹವಾದಾಗ ನಿಲ್ಲಿಸಬೇಕು. ಆ ಬಸಿನೀರಿನಲ್ಲಿ ಮೀಟರ್ ಅದ್ದಿ ಅಂಕಿಯನ್ನು ಬರೆದುಕೊಳ್ಳಬೇಕು. ಸ್ಥೂಲವಾಗಿ 1,500ರೊಳಗಿದ್ದರೆ ಹೆಚ್ಚಿನ ಗಿಡಗಳಿಗೆ ಬಾಧೆಯಿಲ್ಲ. 2,500ನ್ನು ದಾಟಿದರೆ ತೊಳೆಯುವುದು ಅವಶ್ಯ. ಮೀಟರು ವಾಸ್ತವದಲ್ಲಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಅದನ್ನು 0.5ರಿಂದ 0.7ರವರೆಗಿನ ಯಾವುದಾದರೊಂದು ಗುಣಾಂಕದಿಂದ ಟಿಡಿಎಸ್‌ಗೆ ಪರಿವರ್ತಿಸುತ್ತದೆ. ಆದಕಾರಣ ಎರಡು ಕಂಪನಿಗಳ ಮೀಟರುಗಳು ಒಂದೇ ನೀರಿಗೆ ಬೇರೆ ಬೇರೆ ಅಂಕಿ ತೋರಬಹುದು. ತೊಳೆಯುವ ಮೊದಲು ಮತ್ತು ನಂತರ ಒಂದೇ ಮೀಟರನ್ನು ಬಳಸತಕ್ಕದ್ದು.

6. ತೊಳೆಯುವ ಕ್ರಮ

ತೊಳೆಯುವುದೆಂದರೆ ಮಣ್ಣಿನಲ್ಲಿ ಕರಗಿರುವ ಲವಣವನ್ನು ನೀರಿನೊಂದಿಗೆ ತಳದ ರಂಧ್ರದ ಮೂಲಕ ಹೊರಹಾಕುವುದು. ಕೃಷಿ ವಿಜ್ಞಾನದಲ್ಲಿ ಇದಕ್ಕೊಂದು ಸ್ಥೂಲ ನಿಯಮವಿದೆ. ಮಣ್ಣಿನ ಆಳದ ಅರ್ಧದಷ್ಟು ನೀರು ಹಾಯಿಸಿದರೆ ಕರಗುವ ಲವಣದಲ್ಲಿ ಸುಮಾರು ಅರ್ಧ ಹೊರಹೋಗುತ್ತದೆ. ಆಳದಷ್ಟೇ ನೀರಿಗೆ ಸುಮಾರು ಶೇ 80. ಎರಡು ಪಟ್ಟು ನೀರಿಗೆ ಸುಮಾರು ಶೇ 90. ಅದಕ್ಕೂ ಹೆಚ್ಚಿನ ನೀರು ಹಾಕುವುದರಿಂದ ಪ್ರಯೋಜನ ಅಲ್ಪ. ಆದ್ದರಿಂದ 12 ಲೀಟರ್ ಮಣ್ಣಿರುವ ಕುಂಡಕ್ಕೆ 24 ಲೀಟರ್ ನೀರು ಸಾಕು. ನೀರಿನ ಅಭಾವವಿದ್ದಲ್ಲಿ 12 ಲೀಟರಿನಿಂದಲೂ ಬಹುಪಾಲು ಕೆಲಸವಾಗುತ್ತದೆ.

ಕ್ರಮ ಹೀಗಿದೆ:

(1) ಕುಂಡವನ್ನು ನೆರಳಿಗೆ ಸಾಗಿಸಿ ಎರಡು ಇಟ್ಟಿಗೆಗಳ ಮೇಲೆ ಇರಿಸುವುದು. ಕೆಳಗಿನ ತಟ್ಟೆಯನ್ನು ಕಡ್ಡಾಯವಾಗಿ ತೆಗೆಯುವುದು. ತಟ್ಟೆಯಲ್ಲಿ ನಿಂತ ಬಸಿನೀರನ್ನು ಮಣ್ಣು ಪುನಃ ಮೇಲಕ್ಕೆ ಹೀರಿಕೊಂಡರೆ ಮಾಡಿದ ಕೆಲಸ ವ್ಯರ್ಥ.

(2) ತಳದ ರಂಧ್ರವನ್ನು ಕಡ್ಡಿಯಿಂದ ಬಿಡಿಸುವುದು. ಸಸಿ ಚೀಲಗಳಾದರೆ ಬದಿಯಲ್ಲೂ ತಳದಲ್ಲೂ ರಂಧ್ರಗಳಿವೆಯೇ ಎಂದು ನೋಡಿ, ಇಲ್ಲದಿದ್ದಲ್ಲಿ ಮಾಡುವುದು.

(3) ಮಣ್ಣಿನ ಮೇಲಿನ ಬಿಳಿಯ ಪದರವನ್ನು ಅರ್ಧ ಬೆರಳಿನಷ್ಟು ಕೆರೆದು ತೆಗೆಯುವುದು. ಇದನ್ನು ಬಿಟ್ಟು ನೀರು ಹಾಕಿದರೆ ಆ ಲವಣವೇ ಬೇರಿನತ್ತ ಇಳಿಯುತ್ತದೆ.

(4) ಮಣ್ಣು ಗಟ್ಟಿಯಾಗಿ ನೀರು ಇಳಿಯದಿದ್ದರೆ ಒಂದು ದೊಡ್ಡ ಚಮಚ ಜಿಪ್ಸಂ ಪುಡಿಯನ್ನು ಮೇಲ್ಮಣ್ಣಿಗೆ ಬೆರೆಸುವುದು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಸ್ಥಾನವನ್ನು ಆಕ್ರಮಿಸಿ ಅದನ್ನು ನೀರಿಗೆ ಬಿಟ್ಟುಕೊಡುತ್ತದೆ. ಸುಣ್ಣವನ್ನು ಇದಕ್ಕೆ ಪರ್ಯಾಯವಾಗಿ ಬಳಸಕೂಡದು.

(5) ಆರು ಲೀಟರಿನಂತೆ ನಾಲ್ಕು ಸಲ, ಪ್ರತಿ ಸಲದ ನಡುವೆ ಅರ್ಧ ಗಂಟೆ ಬಿಟ್ಟು, ನಿಧಾನವಾಗಿ ನೀರು ಹಾಯಿಸುವುದು. ಒಮ್ಮೆಲೇ ಸುರಿದ ನೀರು ಕುಂಡದ ಅಂಚಿನ ಬಿರುಕುಗಳಲ್ಲಿ ಓಡಿಹೋಗುತ್ತದೆ. ಬಿಡುವು ಕೊಟ್ಟರೆ ಲವಣ ಕರಗಲು ಸಮಯ ದೊರೆಯುತ್ತದೆ.

(6) ಕೊನೆಯ ಬಸಿನೀರನ್ನು ಅಳೆದು ದಾಖಲಿಸುವುದು. ಬಳಸಿದ ನೀರಿನ ಅಂಕಿಗೆ ಹತ್ತಿರ ಬಂದಿದ್ದರೆ ಕೆಲಸ ಮುಗಿದಂತೆ.

(7) ನೀರು ಪೂರ್ಣ ಬಸಿದ ನಂತರ ಮೂರು ನಾಲ್ಕು ದಿನ ನೆರಳಿನಲ್ಲಿರಿಸಿ, ಮೇಲ್ಮಣ್ಣು ಒಣಗಿದ ಬಳಿಕವೇ ಮುಂದಿನ ನೀರು.

ಯಾವ ನೀರಿನಿಂದ ತೊಳೆಯಬೇಕು ಎಂಬ ಪ್ರಶ್ನೆ ಸಹಜ. ಮಳೆನೀರು ಶ್ರೇಷ್ಠ. ಅದು ಇಲ್ಲದಿದ್ದರೆ ಕೊಳವೆಬಾವಿಯ ನೀರಿನಿಂದಲೇ ಮೊದಲ ಮೂರು ಸುತ್ತು ತೊಳೆದು, ಕೊನೆಯ ಸುತ್ತನ್ನು ಮಳೆನೀರಿನಿಂದ ಮಾಡಬಹುದು. 6,000ದ ಮಣ್ಣಿನ ನೀರನ್ನು 1,200ರ ನೀರು ಹೊರದೂಡುವುದೂ ಲಾಭವೇ. ನಾವು ಕೈಗೊಂಡ ಕ್ರಮವೂ ಇದೇ. ತ್ಯಾಜ್ಯ ನೀರಿನಿಂದ ಮಾತ್ರ ತೊಳೆಯಕೂಡದು.

ಮಳೆಗೆ ಕುಂಡವನ್ನು ಹೊರಗಿಟ್ಟರೆ ಸಾಕಲ್ಲವೇ ಎಂದರೆ, ಸಾಲದು. 20 ಮಿಲಿಮೀಟರ್ ಮಳೆಯಲ್ಲಿ ಮೇಲ್ಕಂಡ ಕುಂಡದ ಬಾಯಿಗೆ ಬೀಳುವುದು ಸುಮಾರು 1.4 ಲೀಟರ್ ಮಾತ್ರ. ಅದೇ ಮಳೆ 100 ಚದರ ಮೀಟರ್ ತಾರಸಿಯ ಮೇಲೆ ಬಿದ್ದರೆ 2,000 ಲೀಟರ್; ಐದನೇ ಒಂದು ಭಾಗ ನಷ್ಟವೆಂದು ಕಳೆದರೂ 1,600 ಲೀಟರ್ ಸಂಗ್ರಹವಾಗುತ್ತದೆ. 40 ಕುಂಡಗಳಿಗೆ ಬೇಕಾಗುವುದು 960 ಲೀಟರ್. ಶಾಲೆಯ ಅಥವಾ ಕಚೇರಿಯ ತಾರಸಿಯ ಒಂದು ಒಳ್ಳೆಯ ಮಳೆ ಎಲ್ಲ ಕುಂಡಗಳನ್ನೂ ತೊಳೆಯಬಲ್ಲದು. ವರ್ಷದ ಮೊದಲ ಮಳೆಯ ಧೂಳು ಮಿಶ್ರಿತ ನೀರನ್ನು ಹೊರಬಿಟ್ಟು ನಂತರದ್ದನ್ನು ಹಿಡಿಯತಕ್ಕದ್ದು.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮುಂಚೆಯೇ ನಿರ್ಧರಿಸಬೇಕು. ಅದನ್ನು ಕುಡಿಯುವ ನೀರಿನ ಕೊಳವೆಬಾವಿಯ ಮರುಪೂರಣ ಗುಂಡಿಗಾಗಲಿ, ತೆರೆದ ಬಾವಿಗಾಗಲಿ ಬಿಡಬಾರದು. ಅದರಲ್ಲಿ ಗೊಬ್ಬರದ ನೈಟ್ರೇಟ್ ಇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್‌ನ ಮಿತಿ 45 ಮಿಲಿಗ್ರಾಂ ಮಾತ್ರ.

7. ತೊಳೆದ ನಂತರ ಉಣಿಸುವುದು

ನೀರು ಕೆಟ್ಟದ್ದನ್ನು ಮಾತ್ರ ಆರಿಸಿ ಒಯ್ಯುವುದಿಲ್ಲ. ಸೋಡಿಯಂ, ಕ್ಲೋರೈಡ್ ಜೊತೆಗೆ ನೈಟ್ರೇಟ್ ರೂಪದ ಸಾರಜನಕವೂ ಒಂದಿಷ್ಟು ಪೊಟ್ಯಾಷಿಯಂ ಕೂಡ ಹೊರಹೋಗುತ್ತವೆ. ರಂಜಕವು ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವುದರಿಂದ ಬಹುಪಾಲು ಉಳಿಯುತ್ತದೆ. ಆದ್ದರಿಂದ ತೊಳೆದ ಕುಂಡಕ್ಕೆ ಪೋಷಕಾಂಶ ನೀಡಲೇಬೇಕು. ಆದರೆ ಕೂಡಲೇ ಅಲ್ಲ. ಅಜೀರ್ಣವಾದವನಿಗೆ ಮೊದಲು ಲಂಘನ, ಅನಂತರ ಗಂಜಿ, ಆಮೇಲೆ ಊಟ ಎಂಬ ಹಿರಿಯರ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.

ಮೊದಲ ಹತ್ತು ದಿನ ಯಾವ ಗೊಬ್ಬರವನ್ನೂ ನೀಡಬಾರದು. ಹೊಸ ಚಿಗುರು ಕಾಣುವವರೆಗೆ ಕಾಯುವುದು ಉತ್ತಮ.

ಚಿಗುರು ಕಂಡ ಬಳಿಕ ಚೆನ್ನಾಗಿ ಕಳಿತ ಎರೆಹುಳು ಗೊಬ್ಬರವನ್ನು ಕುಂಡವೊಂದಕ್ಕೆ 200 ಗ್ರಾಂ ಮೀರದಂತೆ ಮೇಲ್ಮಣ್ಣಿಗೆ ಬೆರೆಸುವುದು. ಹಸಿ ಸಗಣಿ ಸಲ್ಲದು. ಗಂಜಲವನ್ನು ಬಳಸುವುದಾದರೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸುವುದು.

ನೀರಿನಲ್ಲಿ ಪೂರ್ಣ ಕರಗುವ 19:19:19 ಗೊಬ್ಬರ ಲಭ್ಯವಿದ್ದಲ್ಲಿ ಲೀಟರಿಗೆ 1 ಗ್ರಾಂನಂತೆ ಕರಗಿಸಿ, ಪ್ರತಿ ಕುಂಡಕ್ಕೆ ಅರ್ಧ ಲೀಟರಿನಂತೆ ಹದಿನೈದು ದಿನಗಳಿಗೊಮ್ಮೆ ನೀಡಬಹುದು. ಅಂದರೆ ಒಂದು ಸಲಕ್ಕೆ ಗೊಬ್ಬರ ಅರ್ಧ ಗ್ರಾಂ. ನಾನು ಹಾಕಿಸಿದ ಒಂದು ಹಿಡಿಯೊಂದಿಗೆ ಇದನ್ನು ಹೋಲಿಸಿ ನೋಡಬಹುದು. ಗಿಡ ಚೇತರಿಸಿದ ಮೇಲೆ ಪ್ರಮಾಣವನ್ನು ಲೀಟರಿಗೆ 2 ಗ್ರಾಂವರೆಗೆ ಏರಿಸಬಹುದು. ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬಾರದು. ಮೊದಲು ಸಾದಾ ನೀರು, ಬಳಿಕ ಗೊಬ್ಬರದ ನೀರು.

ಹೊಸ ಎಲೆಗಳಲ್ಲಿ ಕಬ್ಬಿಣದ ಕೊರತೆ ಕಂಡರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಹಾಗೂ 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆಯ ವೇಳೆ ಎಲೆಗಳ ಮೇಲೆ ಸಿಂಪಡಿಸುವುದು. ಮಣ್ಣಿಗೆ ಹಾಕಿದ ಕಬ್ಬಿಣ ಕ್ಷಾರ ಮಣ್ಣಿನಲ್ಲಿ ಬಂಧಿತವಾಗುವುದರಿಂದ ಸಿಂಪಡಣೆಯೇ ಬೇಗ ಫಲ ನೀಡುತ್ತದೆ.

ಸುಟ್ಟ ಎಲೆಗಳು ಮತ್ತೆ ಹಸಿರಾಗುವುದಿಲ್ಲ. ಚೇತರಿಕೆಯನ್ನು ಹೊಸ ಎಲೆಗಳಲ್ಲಿ ನೋಡಬೇಕು.

8. ಮರುಕಳಿಸದಂತೆ ಮುನ್ನೆಚ್ಚರಿಕೆ

ಪ್ರತಿದಿನ ಮೇಲೆ ಮೇಲೆ ಚಿಮುಕಿಸುವ ನೀರೇ ಲವಣ ಶೇಖರಣೆಗೆ ದಾರಿ. ಅದರ ಬದಲು ಮಣ್ಣು ಒಣಗಿದಾಗ, ತಳದಿಂದ ಐದನೇ ಅಥವಾ ಆರನೇ ಒಂದು ಭಾಗ ನೀರು ಹೊರಬರುವಂತೆ ತುಂಬು ನೀರು ಹಾಕಬೇಕು. ಆ ಸ್ವಲ್ಪ ನೀರು ಪ್ರತಿ ಸಲವೂ ಸ್ವಲ್ಪ ಲವಣವನ್ನು ಒಯ್ಯುತ್ತದೆ. ಬೇಸಿಗೆಯಲ್ಲಿ ತೆಂಗಿನ ನಾರು ಅಥವಾ ಒಣ ಎಲೆಯ ಹೊದಿಕೆ ಹಾಕಿದರೆ ಆವಿಯಾಗುವಿಕೆ ತಗ್ಗುತ್ತದೆ.

ನೀರು ಗಡಸಾಗಿರುವ ಊರುಗಳಲ್ಲಿ ಗಿಡದ ಆಯ್ಕೆಯೂ ಮುಖ್ಯ. ಹುರುಳಿಕಾಯಿ, ನಿಂಬೆ, ಮಾವು, ಗುಲಾಬಿ ಲವಣಕ್ಕೆ ಸೂಕ್ಷ್ಮ. ಹೊಂಗೆ, ಕಣಗಿಲೆ, ಕಾಗದದ ಹೂ ಹೆಚ್ಚು ತಾಳಿಕೊಳ್ಳುತ್ತವೆ. ಆದರೆ ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿಯಾದ್ದರಿಂದ ಶಾಲೆ, ಅಂಗನವಾಡಿಗಳ ಆವರಣದಲ್ಲಿ ಅದನ್ನು ಬೆಳೆಸಬಾರದು.

ತ್ಯಾಜ್ಯ ನೀರನ್ನು ಸಮುದಾಯ ಶೌಚಾಲಯ, ನೆಲ ತೊಳೆಯುವುದು, ಕಸದ ವಾಹನ ತೊಳೆಯುವುದು ಮುಂತಾದವುಗಳಿಗೆ ಬಳಸಬಹುದು. ಗಿಡಗಳಿಗೆ ಬಳಸುವುದು ಅನಿವಾರ್ಯವಾದರೆ ಒಂದು ಪಾಲಿಗೆ ಮೂರು ಪಾಲು ಮಳೆನೀರು ಬೆರೆಸಬೇಕು. 2,300ರ ಒಂದು ಪಾಲಿಗೆ 100ರ ಮೂರು ಪಾಲು ಬೆರೆಸಿದರೆ 650 ಆಗುತ್ತದೆ. ಫ್ಲೋರೈಡ್ ಮತ್ತು ನೈಟ್ರೇಟ್ ಪರೀಕ್ಷೆಯಾಗದೆ ಇದನ್ನು ಜಾನುವಾರುಗಳ ತೊಟ್ಟಿಗೆ ಬಿಡಬಾರದು.

9. ಸದಸ್ಯರ ಪಾತ್ರ

ಜಲ ಜೀವನ್ ಮಿಷನ್ ಅಡಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆ ಇದೆ. ಪಿಎಚ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್ ಪರೀಕ್ಷೆಗಳನ್ನು ಅವರು ಮಾಡಬಲ್ಲರು. ಸಸಿ ಬೆಳೆಸುವ ಯಾವುದೇ ಕ್ರಿಯಾಯೋಜನೆಗೆ ಅನುಮೋದನೆ ನೀಡುವ ಮುನ್ನ ಆ ಸ್ಥಳದ ನೀರಿನ ಪರೀಕ್ಷಾ ಅಂಕಿಗಳನ್ನು ಸಭೆಯ ಮುಂದಿಡುವಂತೆ ಸದಸ್ಯರು ಕೇಳತಕ್ಕದ್ದು. ಎಷ್ಟು ಸಸಿ ನೆಟ್ಟರು ಎಂಬುದರ ಜೊತೆಗೆ, ಯಾವ ನೀರು ಹಾಕಿದರು ಎಂಬುದೂ ವಹಿಯಲ್ಲಿರಬೇಕು. ಕಚೇರಿ, ಶಾಲೆ, ಅಂಗನವಾಡಿಗಳ ಕುಂಡಗಳನ್ನು ವರ್ಷಕ್ಕೆ ಎರಡು ಬಾರಿ, ಅಂದರೆ ಬೇಸಿಗೆಯ ಆರಂಭದಲ್ಲಿ ಹಾಗೂ ಮುಂಗಾರಿನ ಮೊದಲ ತಿಂಗಳಲ್ಲಿ, ತೊಳೆಸುವುದೆಂದು ನಿರ್ಣಯಿಸಿದರೆ ಸಾಕಾಗುತ್ತದೆ.

ನಮ್ಮ 40 ಕುಂಡಗಳನ್ನು ನೀರುಗಂಟಿಯೇ ಮುಂದೆ ನಿಂತು ಎರಡು ದಿನಗಳಲ್ಲಿ ತೊಳೆದನು. ಕೊನೆಯ ಬಸಿನೀರು 1,300ರ ಆಸುಪಾಸಿಗೆ ಇಳಿಯಿತು. ನಿಂಬೆಯ ಗಿಡಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ; ನುಗ್ಗೆ, ದಾಸವಾಳ, ಕರಿಬೇವು ಮೂರು ವಾರಗಳಲ್ಲಿ ಚಿಗುರಿದವು. ಅಂದಿನಿಂದ ಟಿಡಿಎಸ್ ಮೀಟರನ್ನು ಆತನ ವಶಕ್ಕೇ ನೀಡಲಾಯಿತು. ತಿಂಗಳಿಗೊಮ್ಮೆ ಅಂಕಿ ಬರೆದು ಸಹಿ ಹಾಕಿ ತರುವುದನ್ನು ಆತನು ತಪ್ಪಿಸಿದ್ದಿಲ್ಲ. ಗಿಡ ಬಾಡಿದಾಗ ಮೊದಲು ಮಣ್ಣನ್ನು ಮುಟ್ಟಿ ನೋಡಬೇಕು, ನೀರನ್ನು ಅಳೆದು ನೋಡಬೇಕು. ಮನುಷ್ಯನನ್ನು ಪ್ರಶ್ನಿಸುವುದು ಅದರ ನಂತರದ ಮಾತು.

ಅಭ್ಯಾಸ

1. ನಿಮ್ಮ ಊರಿನ ಕೊಳವೆಬಾವಿಯ ಹಾಗೂ ಶುದ್ಧ ನೀರಿನ ಘಟಕದ ತ್ಯಾಜ್ಯ ನೀರಿನ ಟಿಡಿಎಸ್ ಎಷ್ಟು? ಅಳೆದು ಬರೆಯಿರಿ.

2. 1,000 ಟಿಡಿಎಸ್‌ನ ನೀರನ್ನು ದಿನಕ್ಕೆ ಒಂದು ಲೀಟರಿನಂತೆ 90 ದಿನ ಹಾಕಿದರೆ ಕುಂಡಕ್ಕೆ ಸೇರುವ ಲವಣ ಎಷ್ಟು ಗ್ರಾಂ? (ಉತ್ತರ: 90 ಗ್ರಾಂ.)

3. ಐದು ಲೀಟರ್ ಮಣ್ಣಿರುವ ಸಸಿ ಚೀಲವನ್ನು ಪೂರ್ಣವಾಗಿ ತೊಳೆಯಲು ಎಷ್ಟು ನೀರು ಬೇಕು? ಅದನ್ನು ಎಷ್ಟು ಸುತ್ತುಗಳಲ್ಲಿ ಹಾಯಿಸುವಿರಿ? (ಉತ್ತರ: 10 ಲೀಟರ್, ಎರಡೂವರೆ ಲೀಟರಿನಂತೆ ನಾಲ್ಕು ಸುತ್ತು.)

4. ಎಲೆಯ ತುದಿ ಸುಟ್ಟ ಗಿಡಕ್ಕೆ ಕೂಡಲೇ ಗೊಬ್ಬರ ಹಾಕುವುದರಿಂದ ಆಗುವ ಹಾನಿಯನ್ನು ಉಪ್ಪಿನಕಾಯಿಯ ಉದಾಹರಣೆಯೊಂದಿಗೆ ನಿಮ್ಮ ವಾರ್ಡಿನ ಒಬ್ಬರಿಗೆ ವಿವರಿಸಿರಿ.

5. ನಿಮ್ಮ ಪಂಚಾಯಿತಿಯಲ್ಲಿ ತೊಳೆದ ನೀರು ಹಾಗೂ ಘಟಕದ ತ್ಯಾಜ್ಯ ನೀರು ಪ್ರಸ್ತುತ ಎಲ್ಲಿಗೆ ಸೇರುತ್ತಿದೆ? ಸ್ಥಳ ಪರಿಶೀಲಿಸಿ ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿರಿ.